ಪೆಡಲ್ ಬಂತು, ಬೇಸ್ ಎಲ್ಲಿ ಹೋಯಿತು?

ಕಾಲಿನಿಂದ ಒತ್ತಿದರೆ ಸಾಕು, ಗಿಟಾರಿನ ದನಿಯೇ ಬದಲಾಗುವ ಪುಟ್ಟ ಪೆಟ್ಟಿಗೆ. ಬೇಸ್ ಗಿಟಾರ್ ಕಲಿಯುವ ಎಳೆಯರ ಪಾಲಿಗೆ ಅದು ಎಷ್ಟೋ ಸಲ ನಿರಾಸೆಯ ಪೆಟ್ಟಿಗೆ. ತಪ್ಪು ಪೆಡಲಿನದೋ, ಕೊಂಡವರದೋ?

ಕಳಸದಿಂದ ಐದಾರು ಕಿಲೋಮೀಟರ್ ಒಳಗಿರುವ ಒಂದು ತೋಟದ ಮನೆ ಎಂದಿಟ್ಟುಕೊಳ್ಳೋಣ. ಆಗಸ್ಟ್ ತಿಂಗಳು. ಮೂರು ದಿನದಿಂದ ಹಿಡಿದ ಮಳೆ ಸಂಜೆಯ ಹೊತ್ತಿಗೆ ಕೊಂಚ ಹೊಳವಾಗಿದೆ. ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಮಗ ರಜೆಗೆಂದು ಊರಿಗೆ ಬಂದಿದ್ದಾನೆ. ಬಂದವನೇ ಬೈಕು ಹತ್ತಿ ಪೇಟೆಗೆ ಹೋಗಿ, ರೈನ್‌ಕೋಟಿನೊಳಗೆ ಒಂದು ಪಾರ್ಸೆಲ್ ಅವುಚಿಕೊಂಡು ಮರಳಿದ್ದಾನೆ. ವರ್ಷವಿಡೀ ಕೂಡಿಟ್ಟ ಹಣಕ್ಕೆ ಅಪ್ಪ ಮೆಣಸು ಮಾರಿದ ದುಡ್ಡಿನಲ್ಲಿ ಕೊಟ್ಟ ಪಾಲನ್ನೂ ಸೇರಿಸಿ ತರಿಸಿದ ವಸ್ತು ಅದು.

ಒಳಗಿರುವುದು ಅಂಗೈ ಅಗಲದ ಲೋಹದ ಪೆಟ್ಟಿಗೆ. ಮೇಲೆ ಮೂರು ತಿರುಗಣೆ, ಕೆಳಗೆ ಕಾಲಿನಿಂದ ಒತ್ತುವ ಒಂದು ಗುಂಡಿ. ಬೇಸ್ ಗಿಟಾರಿನ ವೈರು ಪೆಡಲಿಗೆ, ಪೆಡಲಿನ ವೈರು ಮೂಲೆಯಲ್ಲಿರುವ ಪುಟ್ಟ ಆಂಪ್ಲಿಫೈಯರಿಗೆ. ಅಡುಗೆಮನೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುತ್ತಾರೆ. ಅಪ್ಪ ಪೇಪರು ಮಡಚಿಡುತ್ತಾರೆ. ಮಗ ಗುಂಡಿ ಒತ್ತಿ ತಂತಿ ಮೀಟುತ್ತಾನೆ. ಗಿರಣಿಯ ಬಾಯಿಗೆ ಕಲ್ಲು ಸಿಕ್ಕಂತೆ ‘ಕರ್‌ರ್‌’ ಎಂಬ ಸದ್ದು! ಹೊಟ್ಟೆಗೆ ತಾಗುತ್ತಿದ್ದ ಆ ಗಂಭೀರ ದನಿ ಮಾತ್ರ ಎಲ್ಲಿಗೋ ಹೋಗಿಬಿಟ್ಟಿದೆ.

‘ಇದ್ದ ದನಿಯೂ ಹೋಯ್ತಲ್ಲ ಮಾರಾಯ! ಇದಕ್ಕಾ ಅಷ್ಟು ದುಡ್ಡು?’

‘ತಡಿ ಅಪ್ಪ, ಸೆಟ್ಟಿಂಗ್ ಸರಿಯಾಗಿಲ್ಲ...’

ಒಂದು ಗಂಟೆ ಕಾಲ ತಿರುಗಣೆಗಳನ್ನು ಆಚೀಚೆ ತಿರುಗಿಸಿದರೂ ಸೆಟ್ಟಿಂಗ್ ಸರಿಹೋಗುವುದಿಲ್ಲ. ಅಷ್ಟರಲ್ಲಿ ಕರೆಂಟೂ ಹೋಗುತ್ತದೆ. ಪೆಡಲು ಮತ್ತೆ ತನ್ನ ಪೆಟ್ಟಿಗೆ ಸೇರಿ ಬೀರುವಿನ ಮೇಲೆ ಕೂರುತ್ತದೆ.

ಈ ಮನೆ ಕಲ್ಪನೆಯದು. ಆದರೆ ಈ ನಿರಾಸೆ ಕಲ್ಪನೆಯದಲ್ಲ. ಬೇಸ್ ನುಡಿಸುವವರು ಇರುವ ಕಡೆಯೆಲ್ಲ ಇದು ಹಳೆಯ ಕಥೆ. ಪೆಡಲಿಗೆ ಕೊಟ್ಟ ಹಣ ಒಮ್ಮೆ ಹೋದರೆ ಹೋಯಿತು. ಆದರೆ ‘ನನಗೆ ಇದು ಒಗ್ಗುವುದಿಲ್ಲ’ ಎಂದು ಮಗ ವಾದ್ಯವನ್ನೇ ಮೂಲೆಗಿಟ್ಟರೆ? ‘ಇನ್ನು ನೀನು ಕೇಳಿದ್ದಕ್ಕೆಲ್ಲ ದುಡ್ಡಿಲ್ಲ’ ಎಂದು ಅಪ್ಪ ಮನಸ್ಸು ಗಟ್ಟಿ ಮಾಡಿಕೊಂಡರೆ? ಆ ನಷ್ಟ ದೊಡ್ಡದು. ಹಾಗಾಗಿ ನಿರಾಸೆಯ ಮೂಲ ಎಲ್ಲಿದೆ ಎಂದು ತಿಳಿಯುವುದು ಮಕ್ಕಳಿಗೂ ಪಾಲಕರಿಗೂ ಒಳ್ಳೆಯದು.

ಇಲ್ಲದಾಗ ಗೊತ್ತಾಗುವ ವಾದ್ಯ

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಲೋಕವನ್ನೆಲ್ಲ ಸುತ್ತಿತು. ಹಾಡಿಗೆ ಅದು ಮನೆಯ ಪಾಯವಿದ್ದಂತೆ. ಕಣ್ಣಿಗೆ ಕಾಣುವುದಿಲ್ಲ, ತೆಗೆದರೆ ಗೋಡೆ ನಿಲ್ಲುವುದಿಲ್ಲ. ಇಳಯರಾಜ ಸಂಗೀತ ನೀಡಿದ, ಶಂಕರನಾಗ್ ಅವರ ‘ಗೀತಾ’ (1981) ಚಿತ್ರದ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಇನ್ನೊಮ್ಮೆ ಕೇಳಿ. ಗಾಯಕರ ದನಿಯ ಕೆಳಗೆ ಓಡಾಡುವ ಬೇಸ್ ಗಿಟಾರನ್ನು ಒಮ್ಮೆ ಗುರುತಿಸಿದ ಕಿವಿ ಮತ್ತೆ ಅದನ್ನು ಮರೆಯುವುದಿಲ್ಲ. ಶರೀಫರ ಪದಗಳನ್ನು ರಾಕ್ ವಾದ್ಯಗಳ ಜತೆಗೆ ಹಾಡಿದ ರಘು ದೀಕ್ಷಿತ್ ಅವರ ತಂಡದಲ್ಲೂ, ‘ಸ್ವರಾತ್ಮ’ ತಂಡದಲ್ಲೂ ಈ ವಾದ್ಯಕ್ಕೆ ಮುಖ್ಯ ಸ್ಥಾನವಿದೆ.

ಕಾಫಿ ಸೀಮೆಯ ಹುಡುಗ ಹುಡುಗಿಯರಿಗೆ ಈ ವಾದ್ಯ ಸಿಗುವ ದಾರಿಗಳು ಕೆಲವಿವೆ: ಚರ್ಚಿನ ಗಾಯನವೃಂದ, ಊರ ಆರ್ಕೆಸ್ಟ್ರಾ, ಕಾಲೇಜಿನ ಬ್ಯಾಂಡು. ತಂಡದಲ್ಲಿ ಗಿಟಾರ್ ನುಡಿಸುವವರು ಮೂವರಿದ್ದು ಬೇಸಿಗೆ ಯಾರೂ ಇಲ್ಲದಿದ್ದಾಗ ‘ನೀನೇ ಹಿಡಿ’ ಎಂದು ಒಬ್ಬರಿಗೆ ದಾಟಿಸುವುದೂ ಉಂಟು. ಪೆಡಲಿನ ಆಸೆ ಮೊಳೆಯುವುದು ಅಲ್ಲೇ. ಪಕ್ಕದ ಗಿಟಾರಿನವನ ಕಾಲ ಬಳಿ ಬಣ್ಣಬಣ್ಣದ ಪೆಟ್ಟಿಗೆಗಳ ಸಾಲು, ತನ್ನ ಕಾಲ ಬಳಿ ಬರಿಯ ನೆಲ!

ಜರಡಿಯಲ್ಲಿ ಸೋರಿದ ನಾದ

ಪೆಡಲು ಮಾಡುವ ಕೆಲಸ ಸರಳ. ತಂತಿಯ ಕಂಪನ ವಿದ್ಯುತ್ತಿನ ಅಲೆಯಾಗಿ ವೈರಿನಲ್ಲಿ ಹರಿದು ಬರುತ್ತದೆ. ಪೆಡಲು ಆ ಅಲೆಯ ಆಕಾರವನ್ನು ಬದಲಿಸಿ ಮುಂದಕ್ಕೆ ಕಳಿಸುತ್ತದೆ. ಅಲೆಯ ನೆತ್ತಿಯನ್ನು ಕತ್ತರಿಸಿದರೆ ಒರಟು ದನಿ, ಅಂದರೆ ಡಿಸ್ಟಾರ್ಷನ್. ಅಲೆಯನ್ನು ಕೊಂಚ ತಡಮಾಡಿ ಮೂಲಕ್ಕೆ ಬೆರೆಸಿದರೆ ಪ್ರತಿಧ್ವನಿ ಅಥವಾ ಕೋರಸ್. ಕತ್ತರಿಸಿದ ಅಲೆಯಲ್ಲಿ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ. ತಂಬೂರಿಯ ಕುದುರೆಯ ಮೇಲೆ ನೂಲಿನ ಎಳೆ ಇಟ್ಟಾಗ ದನಿ ತುಂಬಿಕೊಳ್ಳುತ್ತದಲ್ಲ, ಅದೂ ಉಪಸ್ವರಗಳದೇ ಮಹಿಮೆ.

ತೊಡಕು ಇರುವುದು ಅಳತೆಯಲ್ಲಿ. ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸಿನ ಅತಿ ತಗ್ಗಿನ ತಂತಿ ಅದರ ಅರ್ಧ, ಸುಮಾರು 41 ಸಲ. ಉಳಿದ ಮೂರು ತಂತಿಗಳು 55, 73 ಮತ್ತು 98. ಮೇಲಿನ ತಂತಿಯನ್ನು ಇಪ್ಪತ್ತನೆಯ ಮನೆಯಲ್ಲಿ ಒತ್ತಿದರೂ ಮೂಲಸ್ವರ 311ರ ಸುಮಾರಿಗೆ ನಿಲ್ಲುತ್ತದೆ.

ಈಗ ಗಿಟಾರಿನವರ ಅಚ್ಚುಮೆಚ್ಚಿನ ಓವರ್‌ಡ್ರೈವ್ ಪೆಡಲುಗಳಲ್ಲಿ ಒಂದಾದ ಐಬಾನೆಜ್ ಕಂಪೆನಿಯ ಟ್ಯೂಬ್ ಸ್ಕ್ರೀಮರನ್ನು ನೋಡಿ. ಅದರ ಸರ್ಕ್ಯೂಟಿನಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ನಾದಕ್ಕೆ ಬಲ ಕಡಿಮೆ ಸಿಗುವಂತೆ ಬೇಕೆಂದೇ ಮಾಡಲಾಗಿದೆ. ಗಿಟಾರಿನ ಮಟ್ಟಿಗೆ ಇದು ಜಾಣತನ. ತಗ್ಗಿನ ನಾದ ಕಲಸುಮೇಲೋಗರವಾಗದೆ ದನಿ ಚುರುಕಾಗುತ್ತದೆ. ಆದರೆ ಬೇಸಿನ ಪ್ರತಿಯೊಂದು ಮೂಲಸ್ವರವೂ ಆ ಗೆರೆಯ ಕೆಳಗೇ ಇದೆಯಲ್ಲ! ಕಾಫಿ ಬೀಜಕ್ಕೆಂದು ಮಾಡಿದ ಜರಡಿಗೆ ಕಾಳುಮೆಣಸು ಸುರಿದಂತೆ ಇದು. ಜರಡಿ ಕೆಟ್ಟಿಲ್ಲ, ಮೆಣಸೂ ಕೆಟ್ಟಿಲ್ಲ. ಕಣ್ಣಿನ ಅಳತೆ ಬೇರೆ, ಅಷ್ಟೆ.

ಬೇಸಿಗೆಂದೇ ಮಾಡಿದ ಪೆಡಲುಗಳಲ್ಲಿ ಇದಕ್ಕೊಂದು ಉಪಾಯವಿರುತ್ತದೆ. ಬಂದ ನಾದವನ್ನು ಎರಡಾಗಿ ಸೀಳಿ, ಒಂದನ್ನು ಮುಟ್ಟದೆ ಹಾಗೇ ಬಿಟ್ಟು, ಇನ್ನೊಂದನ್ನು ಮಾತ್ರ ಒರಟಾಗಿಸಿ, ಕೊನೆಯಲ್ಲಿ ಎರಡನ್ನೂ ಬೆರೆಸುತ್ತಾರೆ. ಬೆರೆಸುವ ತಿರುಗಣೆಗೆ ‘ಬ್ಲೆಂಡ್’ ಎಂದು ಹೆಸರು. ಕಾಫಿ ಪುಡಿಗೆ ಚಿಕೋರಿ ಬೆರೆಸುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದವಾಗಿ ಸೇರಿದರೆ ಡಿಕಾಕ್ಷನ್‌ಗೆ ಮೈ ಬರುತ್ತದೆ, ಕೈ ಮೀರಿದರೆ ಕಾಫಿಯೇ ಇರುವುದಿಲ್ಲ. ಬ್ಲೆಂಡ್ ಇಲ್ಲದ ಪೆಡಲು ಬರೀ ಚಿಕೋರಿಯ ಲೋಟವಾಗುವ ಅಪಾಯ ಹೆಚ್ಚು.

ಕೆಟ್ಟ ಯಂತ್ರದಿಂದ ಹುಟ್ಟಿದ ದನಿ

ವಿಚಿತ್ರವೆಂದರೆ ಈ ಒರಟು ದನಿಯ ಪೆಡಲಿನ ಚರಿತ್ರೆ ಶುರುವಾಗುವುದೇ ಬೇಸಿನಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸುತ್ತಿದ್ದರು. ಮಿಕ್ಸಿಂಗ್ ಯಂತ್ರದ ಒಂದು ಭಾಗ ಕೆಟ್ಟು ಅವರ ವಾದ್ಯದ ದನಿ ಜೇನುಹುಳು ಗುಂಯ್‌ಗುಟ್ಟಿದಂತೆ ಬಂತು. ಅದನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಬಿಡುಗಡೆಯಾದ ಹಾಡು ಜನಪ್ರಿಯವಾಯಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ದನಿಯನ್ನೇ ಬೇಕೆಂದಾಗ ಹೊರಡಿಸುವ ಸರ್ಕ್ಯೂಟ್ ರೂಪಿಸಿದರು. ಗಿಬ್ಸನ್ ಕಂಪೆನಿ ಅದನ್ನು 1962ರಲ್ಲಿ ‘ಮಾಯೆಸ್ಟ್ರೊ ಫಜ್-ಟೋನ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಇದನ್ನು ಒತ್ತಿದರೆ ಗಿಟಾರು, ಬೇಸುಗಳಿಂದ ತುತ್ತೂರಿಯಂಥ, ಪಿಟೀಲಿನಂಥ ದನಿ ಹೊರಡಿಸಬಹುದು ಎಂಬುದು ಅಂದಿನ ಪ್ರಚಾರ.

ಅಂಗಡಿಯವರು ನಂಬಿ ತರಿಸಿಕೊಂಡರು, ಗಿರಾಕಿಗಳು ಬರಲಿಲ್ಲ. ತುತ್ತೂರಿ ಎಂದರೆ ತುತ್ತೂರಿಯಂತೆ ಕೇಳಬೇಕಲ್ಲ! ಪೆಟ್ಟಿಗೆಗಳು ದೂಳು ತಿನ್ನುತ್ತ ಕುಳಿತವು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ತಮ್ಮ ಪ್ರಸಿದ್ಧ ಹಾಡೊಂದರಲ್ಲಿ ಅದನ್ನು ಬಳಸಿದ ಮೇಲೆ ದಾಸ್ತಾನೆಲ್ಲ ಖಾಲಿಯಾಯಿತು. ಅದೇ ವರ್ಷ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ‘ರಬ್ಬರ್ ಸೋಲ್’ ಆಲ್ಬಮ್ಮಿನ ಹಾಡೊಂದರಲ್ಲಿ ಬೇಸಿಗೆ ಫಜ್ ಕೊಟ್ಟರು. ಅವರು ಮಾಡಿದ ಜಾಣ ಕೆಲಸವೆಂದರೆ ಶುದ್ಧ ದನಿಯ ಬೇಸನ್ನೂ ಅದೇ ಹಾಡಿನಲ್ಲಿ ಬೇರೆಯಾಗಿ ಉಳಿಸಿಕೊಂಡದ್ದು. ಇಂದಿನ ಬ್ಲೆಂಡ್ ತಿರುಗಣೆಯ ತತ್ವವೂ ಅದೇ.

ಒಂದೊಂದು ಪೆಡಲಿಗೆ ಒಂದೊಂದು ನಿರಾಸೆ

ಆಕ್ಟೇವ್ ಪೆಡಲು ನುಡಿಸಿದ ಸ್ವರದ ಜತೆಗೆ ಅದರ ಕೆಳಗಿನ ಸ್ಥಾಯಿಯ ಸ್ವರವನ್ನೂ ಸೇರಿಸುತ್ತದೆ. ‘ಬೇಸ್ ಇನ್ನಷ್ಟು ಆಳವಾಗುತ್ತದೆ’ ಎಂದು ಕೊಂಡವರು ದಪ್ಪ ತಂತಿಯನ್ನೇ ಮೀಟುತ್ತಾರೆ. 41ರ ಅರ್ಧ ಸುಮಾರು 20. ಮನುಷ್ಯನ ಕಿವಿಗೆ ಕೇಳುವ ನಾದದ ಕೆಳಗಿನ ಎಲ್ಲೆಯೇ ಅದು. ಪುಟ್ಟ ಸ್ಪೀಕರಿನಲ್ಲಿ ಅದು ಬರೀ ಗೊರಗೊರ. ಅದೇ ಪೆಡಲನ್ನು ತೆಳು ತಂತಿಗಳ ಮೇಲಿನ ಮನೆಗಳಲ್ಲಿ, ಒಂದು ಸಲಕ್ಕೆ ಒಂದೇ ಸ್ವರದಂತೆ ನುಡಿಸಿದರೆ ಚೆಲುವಾಗಿ ಕೇಳುತ್ತದೆ.

ಎನ್ವೆಲಪ್ ಫಿಲ್ಟರ್ ಮೀಟಿನ ಬಲಕ್ಕೆ ತಕ್ಕಂತೆ ‘ವ್ಹಾ’ ಎಂದು ಬಾಯಿ ತೆರೆಯುವ ಪೆಡಲು. 1970ರ ದಶಕದಲ್ಲಿ ಬೂಟ್ಸಿ ಕಾಲಿನ್ಸ್ ಇದನ್ನು ಬೇಸಿನಲ್ಲಿ ಬಳಸಿ ಹೆಸರಾದರು. ಬೆರಳಿನ ಬಲ ಒಂದೊಂದು ಸ್ವರಕ್ಕೆ ಒಂದೊಂದು ತೆರನಾಗಿದ್ದರೆ ಪೆಡಲೂ ಒಮ್ಮೆ ಕೂಗುತ್ತದೆ, ಒಮ್ಮೆ ಮೂಕವಾಗುತ್ತದೆ. ಹೊಸಬರು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದು ಮಾತ್ರ ಬೆರಳಿನ ಸತ್ಯವನ್ನೇ ಹೇಳುತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಬೈಗುಳ ತಿನ್ನುವುದು ಕಂಪ್ರೆಸರ್. ಜೋರು ದನಿಯನ್ನು ತಗ್ಗಿಸಿ, ಮೆಲುದನಿಯನ್ನು ಎತ್ತಿ, ಎಲ್ಲವನ್ನೂ ಒಂದು ಮಟ್ಟಕ್ಕೆ ತರುವುದು ಅದರ ಕೆಲಸ. ಚೆನ್ನಾಗಿ ಕೆಲಸ ಮಾಡಿದಾಗ ಏನೂ ಆದಂತೆಯೇ ಅನಿಸುವುದಿಲ್ಲ! ಕೋಣೆಯಲ್ಲಿ ಒಬ್ಬರೇ ಕುಳಿತು ಕೇಳಿದರೆ ದುಡ್ಡು ದಂಡವಾಯಿತು ಎನಿಸುವುದು ಸಹಜ. ಅದರ ಬೆಲೆ ತಿಳಿಯುವುದು ಡ್ರಮ್ಮು, ಗಿಟಾರುಗಳ ನಡುವೆ ಪ್ರತಿ ಸ್ವರವೂ ಸಮನಾಗಿ ಕೇಳಿದಾಗ.

ವಿಡಿಯೊದ ಕಿವಿ, ಮನೆಯ ಕಿವಿ

ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಸುಮಾರು 245 ಕಿಲೋಮೀಟರ್. ಕಳಸ, ಮೂಡಿಗೆರೆಯ ಕಡೆಯವರು ಹತ್ತಾರು ಪೆಡಲುಗಳನ್ನು ಜೋಡಿಸಿ, ಕೇಳಿ, ಕೊಳ್ಳಬೇಕೆಂದರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ, ಇಲ್ಲವೇ ಬೆಂಗಳೂರಿಗೋ ಪಯಣ ಹೊರಡಬೇಕು. ಹೀಗಾಗಿ ಅಂತರ್ಜಾಲದ ವಿಡಿಯೊ ನೋಡಿ ತರಿಸುವುದೇ ಸುಲಭ ಎನಿಸುತ್ತದೆ.

ವಿಡಿಯೊ ಸುಳ್ಳು ಹೇಳುತ್ತದೆ ಎಂದಲ್ಲ. ಅಲ್ಲಿ ನುಡಿಸುವವರು ನುರಿತವರು, ವಾದ್ಯ ಒಳ್ಳೆಯದು, ದನಿಯನ್ನು ನೇರವಾಗಿ ಕಂಪ್ಯೂಟರಿಗೆ ತುಂಬಿ ತಿದ್ದಿರುತ್ತಾರೆ. ನೋಡುವವರು ಕೇಳುವುದು ಇಯರ್‌ಫೋನಿನಲ್ಲಿ. ಮನೆಯಲ್ಲಿರುವುದು ಹತ್ತು ಹದಿನೈದು ವಾಟಿನ, ಅಂಗೈ ಅಗಲದ ಸ್ಪೀಕರಿನ ಆಂಪ್ಲಿಫೈಯರ್. 41 ಕಂಪನದ ಮೂಲಸ್ವರವನ್ನು ಆ ಸ್ಪೀಕರು ಸರಿಯಾಗಿ ಹೊರಡಿಸಲಾರದು. 82, 123, 165 ಹೀಗೆ ಮೇಲೇರುವ ಉಪಸ್ವರಗಳನ್ನು ಕೇಳಿ ನಮ್ಮ ಮಿದುಳೇ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಇಂಥ ಆಂಪ್ಲಿಫೈಯರಿಗೆ ‘ತೂಕ’ ತರಲೆಂದು ಪೆಡಲು ಕೊಂಡರೆ ಸಣ್ಣ ಗದ್ದೆಗೆ ದೊಡ್ಡ ಟ್ರ್ಯಾಕ್ಟರ್ ಇಳಿಸಿದಂತೆ. ತಿರುಗಲು ಜಾಗವೇ ಇರುವುದಿಲ್ಲ.

ಇನ್ನೊಂದು ಅಂಶ, ವಿಡಿಯೊದಲ್ಲಿ ಬೇಸ್ ಒಂಟಿಯಾಗಿ ಕೇಳುತ್ತದೆ. ತಂಡದಲ್ಲಿ ಎರಡು ಗಿಟಾರುಗಳು ಆಗಲೇ ಒರಟು ದನಿಯಲ್ಲಿ ಮೊರೆಯುತ್ತಿರುವಾಗ ಬೇಸೂ ಅದೇ ದನಿ ತೆಗೆದರೆ ಯಾರದು ಯಾವುದೆಂದು ತಿಳಿಯದು. ಮೆಟಾಲಿಕಾ ತಂಡದ ಕ್ಲಿಫ್ ಬರ್ಟನ್ 1983ರ ಮೊದಲ ಆಲ್ಬಮ್ಮಿನಲ್ಲಿ ಡಿಸ್ಟಾರ್ಷನ್, ವಾ-ವಾ ಪೆಡಲುಗಳೊಂದಿಗೆ ನುಡಿಸಿದ ಬೇಸ್ ಇಂದಿಗೂ ಹುಡುಗರಿಗೆ ಹುಚ್ಚು ಹಿಡಿಸುತ್ತದೆ. ಗಮನಿಸಬೇಕಾದ್ದೇನೆಂದರೆ, ಅಲ್ಲಿ ಬೇಸಿಗೆ ಜತೆಯಾಗುವುದು ಡ್ರಮ್ಸ್ ಮಾತ್ರ. ಗಿಟಾರುಗಳು ಸುಮ್ಮನಿವೆ.

ಮಲೆನಾಡಿನ ಕರೆಂಟು

ನಿರಾಸೆಗೆ ಊರಿನ ಕಾರಣಗಳೂ ಸೇರಿಕೊಳ್ಳುತ್ತವೆ. ಬಹುಪಾಲು ಪೆಡಲುಗಳು ನಡೆಯುವುದು 9 ವೋಲ್ಟಿನ ನೇರ ವಿದ್ಯುತ್ತಿನಿಂದ. ಪಿನ್ನಿನ ನಡುಭಾಗ ಋಣ, ಹೊರಭಾಗ ಧನ. ಎಷ್ಟೋ ಸಾಮಾನ್ಯ ಅಡಾಪ್ಟರುಗಳಲ್ಲಿ ಇದು ತಿರುವುಮುರುವು. ಪಿನ್ನು ಕೂರುತ್ತದೆ ಎಂದು ಸಿಕ್ಕಿದ ಅಡಾಪ್ಟರ್ ಚುಚ್ಚಿದರೆ ಪೆಡಲು ಮೊದಲ ದಿನವೇ ಸುಟ್ಟುಹೋಗಬಹುದು. ಬ್ಯಾಟರಿಯಲ್ಲಿ ನಡೆಸುವವರು ನುಡಿಸಿ ಮುಗಿದ ಮೇಲೆ ವೈರು ಕಿತ್ತಿಡಬೇಕು. ಚುಚ್ಚಿಯೇ ಬಿಟ್ಟರೆ ದೀಪ ಆರಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಎರಡು ದಿನ ಬಿಟ್ಟು ‘ಸತ್ತುಹೋಯಿತು’ ಎಂದು ಬೈಸಿಕೊಳ್ಳುವ ಪೆಡಲುಗಳಲ್ಲಿ ಎಷ್ಟೋ ಇಂಥವೇ.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮನೆ ನಡೆಯುವುದು ಇನ್ವರ್ಟರಿನ ಮೇಲೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿಗೆ ಆಂಪ್ಲಿಫೈಯರ್ ಜೋಡಿಸಿದರೆ ಗುಂಯ್ ಎನ್ನುವ ಸದ್ದು ಬರುತ್ತದೆ. ಪೆಡಲು ಆ ಸದ್ದನ್ನೂ ಹಿಗ್ಗಿಸುತ್ತದೆ. ಆ ಸದ್ದು ನಿಲ್ಲಲೆಂದು ಕೆಲವರು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ಕಿತ್ತುಹಾಕುವುದುಂಟು. ಇದನ್ನು ಎಂದೆಂದಿಗೂ ಮಾಡಕೂಡದು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದ ವೇದಿಕೆಯ ಮೇಲೆ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ಥಿಂಗ್ ಇಲ್ಲದ ಮೈಕು ಮುಟ್ಟಿ ಪ್ರಾಣ ಕಳೆದುಕೊಂಡರು. ಒದ್ದೆ ನೆಲದ ಮಲೆನಾಡಿನಲ್ಲಿ ಅರ್ಥಿಂಗ್ ಜೀವರಕ್ಷಕ. ಗುಡುಗು ಶುರುವಾದೊಡನೆ ಪ್ಲಗ್ಗು ಕಿತ್ತಿಡುವುದೂ ಅಷ್ಟೇ ಮುಖ್ಯ.

ಬೆರಳೇ ಮೊದಲ ಪೆಡಲು

ಬೇಸ್ ವಾದಕರು ಗುರುವೆಂದು ಕೈಮುಗಿಯುವ ಹೆಸರುಗಳಲ್ಲಿ ಜೇಮ್ಸ್ ಜೇಮರ್ಸನ್ ಒಬ್ಬರು. 1960ರ ದಶಕದಲ್ಲಿ ಡೆಟ್ರಾಯ್ಟ್ ನಗರದ ಮೋಟೌನ್ ಸ್ಟುಡಿಯೊದಿಂದ ಹೊರಬಂದ ನೂರಾರು ಹಾಡುಗಳ ಬೇಸ್ ಅವರದು. ಅವರು ಮೀಟುತ್ತಿದ್ದದ್ದು ಒಂದೇ ತೋರುಬೆರಳಿನಿಂದ. ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲವಂತೆ. ವಾದ್ಯದ ವೈರು ಸಾಮಾನ್ಯವಾಗಿ ಹೋಗುತ್ತಿದ್ದದ್ದು ನೇರವಾಗಿ ಮುದ್ರಣದ ಯಂತ್ರಕ್ಕೆ. ನಡುವೆ ಪೆಡಲಿನ ಮಾತೇ ಇಲ್ಲ!

ಹಾಗೆಂದು ಪೆಡಲು ಬೇಡವೇ ಬೇಡ ಎನ್ನಬೇಕಾಗಿಲ್ಲ. ಅದು ಬಂದ ನಾದಕ್ಕೆ ಬಣ್ಣ ಬಳಿಯುತ್ತದೆ, ಇಲ್ಲದ ನಾದವನ್ನು ತರಲಾರದು. ತಾಳ ತಪ್ಪಿದ ಬೆರಳು ಪೆಡಲಿನಲ್ಲಿ ತಾಳ ತಪ್ಪಿಯೇ ಕೇಳುತ್ತದೆ, ಇನ್ನೂ ಜೋರಾಗಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ರಾಕ್ ಆಂಡ್ ಪಾಪ್ ಪರೀಕ್ಷೆಗಳಲ್ಲಿ ಬೇಸಿಗೂ ಪ್ರತ್ಯೇಕ ದರ್ಜೆಗಳಿವೆ. ಆರಂಭದ ದರ್ಜೆಗಳಿಗೆ ಬೇಕಾದದ್ದು ಲಯ, ಶ್ರುತಿ, ಸ್ಪಷ್ಟತೆ. ಪೆಡಲಿಲ್ಲ ಎಂಬ ಕಾರಣಕ್ಕೆ ಯಾವ ಮಗುವೂ ಹಿಂದೆ ಬೀಳುವುದಿಲ್ಲ.

ಪಾಲಕರಿಗೆ ಒಂದು ಮಾತು

ಕೊಂಡದ್ದು ದೋಷಯುಕ್ತವಾಗಿದ್ದರೆ ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದ ವಸ್ತುವನ್ನು ಮಾರಾಟಗಾರರು ಹಿಂಪಡೆಯಲು ನಿರಾಕರಿಸುವಂತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ‘ದನಿ ಹಿಡಿಸಲಿಲ್ಲ’ ಎನ್ನುವುದು ದೋಷವಲ್ಲ. ಅದಕ್ಕೆ ಅಂಗಡಿಯ ವಾಪಸಾತಿ ಷರತ್ತನ್ನು ಕೊಳ್ಳುವ ಮೊದಲೇ ಓದಬೇಕು.

ಕಾನೂನಿಗಿಂತ ದೊಡ್ಡದು ಮನೆಯ ಮಾತು. ತೋಟದ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಯಂತ್ರವಿಲ್ಲದ ಮನೆ ಕಾಫಿ ಸೀಮೆಯಲ್ಲಿ ಉಂಟೆ? ಮೇಳದಲ್ಲಿ ನೋಡಿ ಮರುಳಾಗಿ ತಂದ ಕಳೆ ಕತ್ತರಿಸುವ ಮೆಷಿನ್ನು, ನಮ್ಮ ಇಳಿಜಾರಿಗೆ ಹೊಂದದೆ ಕೂತ ಗಾಡಿ, ಯಾವುದಾದರೂ ಒಂದು ಇದ್ದೇ ಇರುತ್ತದೆ. ಅದನ್ನು ಕೊಂಡ ಅಪ್ಪ ಕೃಷಿ ಬಿಟ್ಟರೇ? ಮುಂದಿನ ಸಲ ಪಕ್ಕದ ತೋಟದಲ್ಲಿ ಅದು ನಡೆಯುವುದನ್ನು ನೋಡಿ ಕೊಳ್ಳಬೇಕೆಂದು ಕಲಿತರು. ಮಗನ ಪೆಡಲೂ ಅಂಥದೇ ಒಂದು ಪಾಠ. ‘ದುಡ್ಡು ಹಾಳು ಮಾಡಿದೆ’ ಎನ್ನುವ ಬದಲು ‘ಯಾಕೆ ಹೀಗಾಯ್ತು, ನೋಡೋಣ’ ಎಂದರೆ ಆ ದುಡ್ಡಿಗೆ ಅರ್ಧ ಬೆಲೆಯಾದರೂ ಮರಳಿ ಬಂದಂತೆ.

ಮತ್ತೆ ಕಳಸದ ಆ ಮನೆಗೆ ಹೋಗೋಣ. ರಾತ್ರಿ ಒಂಬತ್ತಕ್ಕೆ ಕರೆಂಟು ಬರುತ್ತದೆ. ಮಗ ಪೆಡಲು ಬಿಟ್ಟು ವೈರನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ ಮೆಲ್ಲಗೆ ಮೀಟುತ್ತಾನೆ. ಮೇಜಿನ ಮೇಲಿನ ಸ್ಟೀಲಿನ ಲೋಟ ಸಣ್ಣಗೆ ನಡುಗುತ್ತದೆ.

‘ಇದು ಬಾರಿಸು ಮಾರಾಯ, ಇದು ಚೆನ್ನಾಗಿದೆ’ ಎನ್ನುತ್ತಾರೆ ಅಪ್ಪ.

ಪೆಡಲು ಮುಂದಿನ ವಾರ ಚಿಕ್ಕಮಗಳೂರಿಗೆ, ಬ್ಯಾಂಡಿನ ಅಭ್ಯಾಸಕ್ಕೆ ಹೋಗಲಿ. ಡ್ರಮ್ಮಿನ ಪಕ್ಕದಲ್ಲಿ, ದೊಡ್ಡ ಸ್ಪೀಕರಿನಲ್ಲಿ, ಒಂದೇ ಒಂದು ಹಾಡಿನ ಒಂದು ತುಣುಕಿಗೆ ಅದು ಒದಗೀತು. ಒದಗದಿದ್ದರೆ ತಂಡದ ಗಿಟಾರಿನವನಿಗೆ ಅದು ಹಬ್ಬ!

ಕೊಳ್ಳುವ ಮುನ್ನ

* ಯಾವ ಹಾಡಿನ ಯಾವ ಭಾಗಕ್ಕೆ ಈ ದನಿ ಬೇಕು ಎಂದು ಒಂದು ಸಾಲಿನಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಕೊಳ್ಳುವ ಕಾಲ ಇನ್ನೂ ಬಂದಿಲ್ಲ.

* ಮೊದಲ ಖರ್ಚು ಹೊಸ ತಂತಿ, ಒಳ್ಳೆಯ ವೈರು, ಟ್ಯೂನರ್ ಮತ್ತು ಗುರುವಿನ ಪಾಠಕ್ಕೆ. ಟ್ಯೂನರಿನಿಂದ ನಿರಾಸೆಗೊಂಡವರು ಅಪರೂಪ.

* ಗೆಳೆಯರ ಪೆಡಲನ್ನು ಒಂದು ವಾರ ಎರವಲು ತಂದು, ತಂಡದ ಜತೆಗೆ ನುಡಿಸಿ ನೋಡಿ.

* ಬೇಸಿಗೆಂದೇ ಮಾಡಿದ್ದೇ, ಬ್ಲೆಂಡ್ ತಿರುಗಣೆ ಇದೆಯೇ ಎಂದು ವಿಚಾರಿಸಿ.

* ಹಲವು ದನಿಗಳ ರುಚಿ ನೋಡಬೇಕೆನ್ನುವವರಿಗೆ ಬೇಸಿನ ಮಲ್ಟಿ-ಎಫೆಕ್ಟ್ ಪೆಟ್ಟಿಗೆ ಒಂದೇ ಸಾಕು. ಯಾವುದು ಬೇಕು ಎಂಬುದಕ್ಕಿಂತ ಯಾವುದು ಬೇಡ ಎಂಬುದು ಅದರಿಂದ ಬೇಗ ತಿಳಿಯುತ್ತದೆ.

* ಪೆಡಲಿನ ಬೆಲೆಯ ಜತೆಗೆ ಸರಿಯಾದ ಅಡಾಪ್ಟರಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ.

* ಮಳೆಗಾಲದಲ್ಲಿ ಪೆಡಲು, ವೈರುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ತುಕ್ಕು ಹಿಡಿದ ಪಿನ್ನು ಎಂಥ ಪೆಡಲನ್ನೂ ಕೆಡಿಸುತ್ತದೆ.